ಬಿಚ್ಚಿದ ಮೇಲೇ ಗೊತ್ತಾಗೋದು ಸಾರ್!

ನಮ್ಮಕ್ಕನ ಮಗ ಹೋದ ವಾರ ಊಟ ಬಿಟ್ಟು ಕೂತಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಯಾವುದೋ ಸಬ್ಜೆಕ್ಟ್ ಹೋಗಿರಬೇಕು ಅಂದುಕೊಂಡು ಮೆಲ್ಲಗೆ ವಿಚಾರಿಸಿದೆ. ಅದಲ್ಲವಂತೆ. ಆಸ್ಟ್ರಿಯಾದವರು ಅವನ ಹಳೇ ಯುದ್ಧನೌಕೆಗಳಿಗೆ ಸರಿಯಾದ ಬೆಲೆ ಕಟ್ಟಿಲ್ಲವಂತೆ!

ಕಂಪ್ಯೂಟರ್ ಆಟ ಸ್ವಾಮಿ. ಅದರಲ್ಲಿ ಚರಿತ್ರೆ ಬೇರೆಯೇ ದಾರಿ ಹಿಡಿದಿದೆ. ಹಳೇ ಸಾಮ್ರಾಜ್ಯಗಳೆಲ್ಲ ಗಟ್ಟಿಮುಟ್ಟಾಗಿವೆ, ನಮ್ಮ ಹುಡುಗ ಇಟಲಿಯ ನೌಕಾಮಂತ್ರಿ. "ನಾಲ್ಕು ಹಡಗು ಮಾವ, ಎಲ್ಲಾ ರನ್ನಿಂಗ್ ಕಂಡೀಷನ್. ಗುಜರಿ ರೇಟಿಗೆ ಕೇಳ್ತಾವ್ರೆ!" ಅಂತ ಅವನ ಗೋಳು.

ಆ ಆಟ ಮಾಡಿದವರ ಮೇಲೆ ನನಗೆ ಕನಿಕರ ಬಂತು. ದೇಶಗಳಿಗೆ ಬುದ್ಧಿ ಇರುತ್ತದೆ ಎಂದು ನಂಬಿ ಆಟ ಮಾಡಿದ್ದಾರೆ ಪಾಪ. ಕೊಳ್ಳುವವನು ಹಡಗಿನ ವಯಸ್ಸು ಕೇಳುತ್ತಾನಂತೆ, ಚೌಕಾಸಿ ಮಾಡುತ್ತಾನಂತೆ. "ಲೋ, ನೀನು ಮಾರೋಕೆ ಹೋಗಿದ್ದೇ ತಪ್ಪು, ಪುಕ್ಕಟೆ ಕೊಡ್ತೀನಿ ಅನ್ನಬೇಕಿತ್ತು" ಎಂದೆ. ಅವನಿಗೆ ಅರ್ಥವಾಗಲಿಲ್ಲ. 2004ರಲ್ಲಿ ಇನ್ನೂ ಹುಟ್ಟಿರಲಿಲ್ಲವಲ್ಲ.

ನಿಮಗೆ ಕತೆ ಗೊತ್ತೇ ಇದೆ. ರಷ್ಯಾದ ಹತ್ತಿರ ಅಡ್ಮಿರಲ್ ಗೋರ್ಷ್ಕೋವ್ ಎಂಬ ವಿಮಾನವಾಹಕ ಹಡಗಿತ್ತು. ಬಾಯ್ಲರ್ ಕೋಣೆಯಲ್ಲಿ ಅನಾಹುತವಾಗಿ, ಸಾಕುವುದಕ್ಕೂ ಕಾಸಿಲ್ಲದೆ, 1996ರಲ್ಲೇ ಮೂಲೆಗೆ ತಳ್ಳಿದ್ದರು. ಅದನ್ನು ನಮಗೆ ಪುಕ್ಕಟೆ ಕೊಟ್ಟರು. ಹೌದು, ಪುಕ್ಕಟೆ. ರಿಪೇರಿ ಖರ್ಚು ಮಾತ್ರ ನಮ್ಮದು, 97.4 ಕೋಟಿ ಡಾಲರ್. ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ನಾಡು ನಮ್ಮದು. 2004ರ ಜನವರಿಯಲ್ಲಿ ಸಹಿ ಬಿತ್ತು. 2008ಕ್ಕೆ ಕೈಗೆ ಎಂದರು.

ಇಲ್ಲಿ ನನ್ನ ಸ್ಕೂಟರಿನ ವಿಷಯ ಹೇಳದೆ ಇರಲಾರೆ. ಪರಿಚಯದವರೊಬ್ಬರು ಅಮೆರಿಕಕ್ಕೆ ಮಗಳ ಮನೆಗೆ ಹೊರಟಾಗ "ಸುಮ್ನೆ ಇಟ್ಕೊಳ್ಳಿ, ನೀವೇನು ಬೇರೆಯವರಾ" ಎಂದು ತಮ್ಮ ಸ್ಕೂಟರ್ ದಾಟಿಸಿದರು. ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಕ್ಕರನ್ನು ಒಮ್ಮೆ ಒದ್ದು, "ಎಷ್ಟಾಗುತ್ತೆ ಅಂತ ಬಿಚ್ಚಿದ ಮೇಲೇ ಗೊತ್ತಾಗೋದು ಸಾರ್" ಎಂದ. ಬಿಚ್ಚಿದ. ಬಿಚ್ಚಿದ ಮೇಲೆ ಬಿಡುವ ಹಾಗಿಲ್ಲ, ನೋಡಿ. ಬಿಡಿಭಾಗಗಳೆಲ್ಲ ಗೋಣಿಚೀಲದ ಮೇಲೆ ಹರಡಿ ಮಲಗಿವೆ, ಜೋಡಿಸುವ ವಿದ್ಯೆ ಅವನೊಬ್ಬನಿಗೇ ಗೊತ್ತು. ಬೋರ್ ಆಯಿತು, ಪಿಸ್ಟನ್ ಆಯಿತು, ವೈರಿಂಗ್ ಪೂರಾ ಹೋಗಿದೆ ಎಂದಾಯಿತು. ಪ್ರತಿ ಶನಿವಾರ ಹೋಗಿ ದುಡ್ಡು ಕೊಟ್ಟು, ಟೀ ಕೂಡ ಕುಡಿಸಿ ಬರುತ್ತಿದ್ದೆ.

ರಷ್ಯಾದ ಸೆವ್ಮಾಶ್ ಕಾರ್ಖಾನೆಯವರು ಹೇಳಿದ್ದೂ ಇದನ್ನೇ. ಬಿಚ್ಚಿದ ಮೇಲೆ ಗೊತ್ತಾಯಿತು, ವೈರಿಂಗ್ ನಾವು ಅಂದುಕೊಂಡದ್ದಕ್ಕಿಂತ ಬಹಳ ಇದೆ. ಇನ್ನೂ ನೂರಿಪ್ಪತ್ತು ಕೋಟಿ ಡಾಲರ್ ಬೇಕು. ಚೌಕಾಸಿ ನಡೆದು ನಡೆದು 2010ರಲ್ಲಿ ಒಟ್ಟು 235 ಕೋಟಿ ಡಾಲರಿಗೆ ನಿಂತಿತು. ಅಷ್ಟರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮ ಸಿಎಜಿ, ಹೊಸ ಹಡಗಿಗೆ ಆಗುವುದಕ್ಕಿಂತ ಹೆಚ್ಚು ಕೊಟ್ಟು ಅಲ್ಪಾಯುಷ್ಯದ ಸೆಕೆಂಡ್ ಹ್ಯಾಂಡ್ ಹಡಗು ತರುತ್ತಿದ್ದೀರಿ ಎಂದು 2009ರಲ್ಲೇ ಬರೆದಿತ್ತು. ಬರೆಯುವುದು ಅವರ ಕೆಲಸ, ಬರೆದರು. 2012ರಲ್ಲಿ ಪರೀಕ್ಷೆಗೆಂದು ಸಮುದ್ರಕ್ಕೆ ಇಳಿಸಿದರೆ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು. ಬಾಯ್ಲರಿನ ಶಾಖ ತಡೆಯುವ ಆಸ್ಬೆಸ್ಟಾಸನ್ನು ಆರೋಗ್ಯಕ್ಕೆ ವಿಷ, ಬೇಡ ಎಂದವರು ನೀವೇ ಅಲ್ಲವೇ ಎಂದು ತಪ್ಪನ್ನು ನಮ್ಮ ತಲೆಗೇ ಕಟ್ಟಿದರು. ನನ್ನ ಮೆಕ್ಯಾನಿಕ್ ಕೂಡ "ಆಯಿಲ್ ನೀವು ತಂದುಕೊಟ್ಟಿದ್ದಲ್ವಾ ಸಾರ್?" ಎಂದಿದ್ದ. ವಿದ್ಯೆ ಒಂದೇ, ಗುರುಕುಲ ಬೇರೆ.

ಚೀನಾದವರನ್ನು ನೋಡಿ. ಉಕ್ರೇನಿನಲ್ಲಿ ಅರ್ಧ ಕಟ್ಟಿ ಬಿಟ್ಟ ವರ್ಯಾಗ್ ಎಂಬ ಹಡಗಿತ್ತು. 1998ರಲ್ಲಿ 2 ಕೋಟಿ ಡಾಲರಿಗೆ ಕೊಂಡರು. ಕೊಂಡದ್ದು ನೌಕಾಪಡೆಯಲ್ಲ, ಒಂದು ಕಂಪನಿ. ಯಾಕಪ್ಪಾ ಎಂದರೆ, ಮಕಾವಿನಲ್ಲಿ ತೇಲುವ ಕ್ಯಾಸಿನೊ ಮಾಡುತ್ತೇವೆ ಎಂದರು. ಇಸ್ಪೀಟು ಆಡೋಕೆ ಮುನ್ನೂರು ಮೀಟರ್ ಹಡಗು! ಇಂಜಿನ್ ನಡೆಯದ ಅದನ್ನು ಎಳೆದು ತಂದರೆ, ಬಾಸ್ಫರಸ್ ಜಲಸಂಧಿ ದಾಟಲು ಟರ್ಕಿ ಬಿಡಲಿಲ್ಲ. ತಿಂಗಳುಗಟ್ಟಲೆ ಕಪ್ಪು ಸಮುದ್ರದಲ್ಲಿ ಸುತ್ತಿತು. ಸೂಯೆಜ್ ಕಾಲುವೆಯಲ್ಲೂ ಬಿಡದೆ ಆಫ್ರಿಕಾ ಖಂಡವನ್ನೇ ಬಳಸಿ 2002ರಲ್ಲಿ ದಾಲಿಯನ್ ಬಂದರಿಗೆ ಬಂತು. ಹತ್ತು ವರ್ಷ ಬಿಟ್ಟು ನೋಡಿದರೆ ಲಿಯಾವೊನಿಂಗ್ ಎಂಬ ಹೆಸರಿನಲ್ಲಿ ಚೀನಾದ ಮೊದಲ ವಿಮಾನವಾಹಕ ನೌಕೆ. ಒಂದು ಎಲೆಯನ್ನೂ ಹಾಕದೆ ಆಟ ಗೆದ್ದರು.

ಅವರ ಹಾಗೆ ಸುಳ್ಳು ಹೇಳೋದು ನಮಗೆ ಬರೋದಿಲ್ಲ, ಬಿಡಿ. ಬ್ರೆಜಿಲಿನವರಿಗೂ ಬರಲಿಲ್ಲ. ಫ್ರಾನ್ಸಿನ ಫೋಶ್ ಹಡಗನ್ನು 2000ದಲ್ಲಿ ಬರೀ 1.2 ಕೋಟಿ ಡಾಲರಿಗೆ ಕೊಂಡು ಸಾವೊ ಪೌಲೊ ಎಂದು ಹೆಸರಿಟ್ಟರು. ಅದು ಸಮುದ್ರಕ್ಕಿಂತ ಹೆಚ್ಚು ರಿಪೇರಿಯಲ್ಲೇ ಇತ್ತು. ಕೊನೆಗೆ ಗುಜರಿಗೆ ಮಾರಿದರೆ, ಒಳಗೆ ಆಸ್ಬೆಸ್ಟಾಸ್ ಇದೆ ಎಂದು ಟರ್ಕಿ ಬಾಗಿಲು ಹಾಕಿತು. ತಿರುಗಿ ಬಂದರೆ ತಮ್ಮ ದೇಶದ ಬಂದರಿನಲ್ಲೇ ಜಾಗ ಕೊಡಲಿಲ್ಲ. ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಅದನ್ನು 2023ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿ ಕೈತೊಳೆದುಕೊಂಡರು. ಆಸ್ಬೆಸ್ಟಾಸ್ ಸಮೇತ. ನಾವು ವಾಸಿ. ಬ್ರಿಟನ್ನಿನಿಂದ ತಂದ ನಮ್ಮ ಮೊದಲ ವಿಕ್ರಾಂತವನ್ನು ಗುಜರಿಗೆ ಹಾಕಿ, ಆ ಲೋಹ ಕರಗಿಸಿ ಬೈಕ್ ಮಾಡಿ ಮಾರಿದೆವು. ನಮ್ಮ ರಸ್ತೆಯಲ್ಲೊಬ್ಬ ಅದನ್ನು ಒನ್‌ವೇನಲ್ಲಿ ಎದುರಿಗೆ ಓಡಿಸುತ್ತಾನೆ. 1971ರ ಯುದ್ಧ ನೋಡಿದ ಲೋಹ ಅಲ್ಲವೇ, ಟ್ರಾಫಿಕ್ ಪೊಲೀಸಿಗೆ ಹೆದರೀತೆ?

ಗೋರ್ಷ್ಕೋವ್ ಈಗ ವಿಕ್ರಮಾದಿತ್ಯ. 2014ರ ಜನವರಿಯಲ್ಲಿ ನಮ್ಮ ಕಾರವಾರಕ್ಕೇ ಬಂತು. ಹೆಮ್ಮೆಯ ವಿಷಯ, ನಾನೂ ಚಪ್ಪಾಳೆ ಹೊಡೆದೆ. ಅದು ಬಂದು ನಿಂತ ನೌಕಾನೆಲೆಗೆ 1986ರಲ್ಲಿ ಅರ್ಗಾದಲ್ಲಿ ಅಡಿಗಲ್ಲು ಹಾಕಿದ್ದು. ಕಾರವಾರ, ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆದಿಡುವ ದಂಡೆ ಎಲ್ಲ ಬಿಟ್ಟು ಎದ್ದವು. ಹೆಚ್ಚುವರಿ ಪರಿಹಾರಕ್ಕೆ ಅವರು ಕೋರ್ಟು ಹತ್ತಿದರು, ಧರಣಿ ಕೂತರು, ಅರ್ಜಿ ಹಿಡಿದು ದಿಲ್ಲಿಗೆ ಅಲೆದರು. ವರ್ಷಗಳಲ್ಲ, ದಶಕಗಳು ಹೋದವು. ಅಪ್ಪ ಹಾಕಿದ ಅರ್ಜಿಯ ದುಡ್ಡಿಗೆ ಮಗ ಕಾದ. ಗುಂಟೆಗೆ ಇಷ್ಟೇಕೆ ಕೊಡಬೇಕು ಎಂದು ಸರ್ಕಾರವೇ ಅವರ ಎದುರು ವಾದ ಹೂಡಿ ನಿಂತಿತ್ತು. ಗುಂಟೆಯ ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾದ ಸರ್ಕಾರ, ರಷ್ಯಾದವನು ಬಿಚ್ಚಿದ ಮೇಲೆ ಗೊತ್ತಾಯಿತು ಎಂದಾಗ ಚೌಕಾಸಿಯ ಶಾಸ್ತ್ರ ಮುಗಿಸಿ ಚೆಕ್ ಪುಸ್ತಕ ತೆಗೆಯಿತು. ಈ ಜನರ ಬದುಕನ್ನೂ ಬಿಚ್ಚಿ ಹಾಕಿದ್ದರಲ್ಲ, ಜೋಡಿಸಿಕೊಡಲು ಯಾರಿಗೂ ಅವಸರವಿರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬರೆದು ಬರೆದು ನನಗೂ ಸಾಕಾಗಿದೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿವೃತ್ತವಾದ ಕ್ಷಿಪಣಿ ದೋಣಿಯೊಂದನ್ನು ದಡಕ್ಕೆ ಹತ್ತಿಸಿ ಮ್ಯೂಸಿಯಂ ಮಾಡಿದ್ದಾರೆ. ಅದೂ ಸೋವಿಯತ್ ಮಾಲೇ. ಹೆಸರು ಐಎನ್‌ಎಸ್ ಚಪಲ್. ಹಿಂದಿಯಲ್ಲಿ ಚುರುಕು ಎಂದು ಅರ್ಥವಂತೆ. ಹೋದ ಸಲ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಬೋರ್ಡನ್ನು ಕನ್ನಡದಲ್ಲೇ ಓದಿಕೊಂಡು, "ದೋಣಿಗೆ ಯಾಕೆ ಮಾವ ಚಪಲ ಅಂತ ಹೆಸರಿಟ್ಟಿದ್ದಾರೆ?" ಎಂದ. ಐಸ್‌ಕ್ಯಾಂಡಿ ಕೊಡಿಸಿ ಸುಮ್ಮನಾಗಿಸಿದೆ.