ಐನೂರರ ಮೇಲೆ ಯಾರು, ಹತ್ತರ ಮೇಲೆ ಯಾರು?

ಡಾಲರ್ ಎದುರು ರೂಪಾಯಿ ಮೊದಲ ಸಲ 83 ದಾಟಿದ್ದು 2022ರ ಅಕ್ಟೋಬರ್ 19ರಂದು. ಕಚ್ಚಾ ತೈಲ, ಅಮೆರಿಕದ ಬಡ್ಡಿ ದರ, ವಿದೇಶಿ ಹೂಡಿಕೆ ಅಂತ ಅರ್ಥಶಾಸ್ತ್ರದವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದರು. ಒಂದೇ ವಾರದಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಮದ್ದು ಹೇಳಿಬಿಟ್ಟರು: ನೋಟಿನ ಒಂದು ಬದಿ ಗಾಂಧಿ ಇರಲಿ, ಇನ್ನೊಂದು ಬದಿ ಲಕ್ಷ್ಮಿ-ಗಣೇಶ ಬರಲಿ. ಮದ್ದೇನೂ ಹೊಸದಲ್ಲ, 2020ರಲ್ಲೇ ಸುಬ್ರಮಣಿಯನ್ ಸ್ವಾಮಿ ಲಕ್ಷ್ಮಿಯನ್ನು ಶಿಫಾರಸು ಮಾಡಿದ್ದರು. ಆದರೆ ಈ ಸಲ ಸರದಿ ಸಾಲೇ ನಿಂತಿತು. ಕಾಂಗ್ರೆಸ್ಸಿನ ಮನೀಶ್ ತಿವಾರಿ ಅಂಬೇಡ್ಕರ್ ಹೆಸರು ಮುಂದಿಟ್ಟರು. ಮಹಾರಾಷ್ಟ್ರದ ಬಿಜೆಪಿ ಶಾಸಕ ನಿತೇಶ್ ರಾಣೆ ಇನ್ನೂರರ ನೋಟಿಗೆ ಶಿವಾಜಿಯನ್ನು ಕೂರಿಸಿದ ಚಿತ್ರ ಹಾಕಿದರು. ಅದೇ ಪಕ್ಷದ ರಾಮ್ ಕದಂ ಯಾರಿಗೂ ಬೇಜಾರಾಗಬಾರದೆಂದು ಅಂಬೇಡ್ಕರ್, ಶಿವಾಜಿ, ಸಾವರ್ಕರ್, ಮೋದಿ ನಾಲ್ವರಿಗೂ ಐನೂರರಲ್ಲಿ ಸೀಟು ಕೊಟ್ಟರು.

ಎಲ್ಲರ ಬಾಯಲ್ಲೂ ಉದಾಹರಣೆ ಒಂದೇ, ಇಂಡೊನೇಷ್ಯಾ. ಅಲ್ಲಿನ 20,000 ರುಪಿಯಾ ನೋಟಿನಲ್ಲಿ ಗಣಪತಿ ಇದ್ದದ್ದು ನಿಜ, ಶಿಕ್ಷಣ ತಜ್ಞ ಕಿ ಹಜರ್ ದೇವಾಂತರರ ಪಕ್ಕದಲ್ಲಿ. ನೋಟು ಬಂದದ್ದು 1998ರಲ್ಲಿ. ಹಿಂದಿನ ವರ್ಷದ ನಡುಭಾಗದಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ ಅದೇ 1998ರ ಜೂನ್‌ನಲ್ಲಿ 16,000 ದಾಟಿತು. ವಿಘ್ನನಿವಾರಕ ಅಲ್ಲಿಗೆ ಕಾಲಿಟ್ಟ ವರ್ಷವೇ ಸುಹಾರ್ತೊ ಸರ್ಕಾರ ಬಿತ್ತು. 2008ರ ಕೊನೆಗೆ ಆ ನೋಟನ್ನೇ ಹಿಂದಕ್ಕೆ ಪಡೆದರು. ನಮ್ಮವರು ಮಾದರಿ ಅಂತ ತೋರಿಸುವ ಹೊತ್ತಿಗೆ ಅದು ನಾಣ್ಯಸಂಗ್ರಹಕಾರರ ಆಲ್ಬಂ ಸೇರಿ ಹದಿಮೂರು ವರ್ಷ ಕಳೆದಿತ್ತು.

ಆದರೂ ಹಟ ಬಿಡಬಾರದು ಅನ್ನುವವರಿಗೆ ದಾರಿ ಇದೆ. ಆರ್‌ಬಿಐ ಕಾಯ್ದೆ 1934ರ ಸೆಕ್ಷನ್ 25ರ ಪ್ರಕಾರ ನೋಟಿನ ವಿನ್ಯಾಸಕ್ಕೆ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಕೇಂದ್ರ ಸರ್ಕಾರ ಒಪ್ಪಬೇಕು. ಟ್ವೀಟಿಗೆ ಅಲ್ಲಿ ಕಾಲಂ ಇಲ್ಲ. ಬ್ಯಾಂಕು ನೇಮಿಸಿದ್ದ ಸಮಿತಿಯೊಂದು ಗಾಂಧಿಗಿಂತ ಸೂಕ್ತರು ಯಾರೂ ಇಲ್ಲ ಎಂದು ತೀರ್ಮಾನಿಸಿದ್ದನ್ನು 2014ರಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಲೋಕಸಭೆಗೆ ತಿಳಿಸಿದ್ದರು. ಸಮಿತಿ ಬಲು ಜಾಣ. ಒಬ್ಬರನ್ನು ಇಳಿಸಿದರೆ ಹತ್ತಲು ಎಷ್ಟು ಜನ ಕಾದಿದ್ದಾರೆಂದು ಅದಕ್ಕೆ ಗೊತ್ತಿತ್ತು.

ಗಾಂಧಿಗೂ ಈ ಜಾಗ ಸಲೀಸಾಗಿ ಸಿಕ್ಕಿದ್ದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆರನೇ ಜಾರ್ಜ್ ದೊರೆಯನ್ನು ಇಳಿಸಿ ಗಾಂಧಿಯನ್ನು ಹತ್ತಿಸಲು ವಿನ್ಯಾಸವೂ ತಯಾರಾಗಿತ್ತು. ಕೊನೆಗೆ ಗೆದ್ದದ್ದು ಸಾರನಾಥದ ಸಿಂಹಗಳು. ಸಿಂಹಗಳಿಗೆ ಜಾತಿ ಇರಲಿಲ್ಲ, ಜಯಂತಿ ಇರಲಿಲ್ಲ, ನಿಗಮ-ಮಂಡಳಿ ಬೇಕೆಂದು ಕೇಳುವ ಅಭ್ಯಾಸವೂ ಇರಲಿಲ್ಲ. ಗಾಂಧಿ ಬಂದದ್ದು 1969ರಲ್ಲಿ, ಜನ್ಮಶತಾಬ್ದಿಯ ನೆಪದಲ್ಲಿ, ಸೇವಾಗ್ರಾಮದ ಮುಂದೆ ಕೂತು. 1987ರಲ್ಲಿ ಐನೂರಕ್ಕೆ, 1996ರಿಂದ ಇಡೀ ಸರಣಿಗೆ.

ಇಷ್ಟು ಗಲಾಟೆಯಲ್ಲಿ ಯಾರೂ ಕೇಳದ ಪ್ರಶ್ನೆ, ನೋಟಿನ ಮೇಲೆ ಮುಖ ಯಾಕೆ? ಅದು ಸನ್ಮಾನಕ್ಕಲ್ಲ, ಕಾವಲಿಗೆ. ಮುಖದ ಗೆರೆ ಗೆರೆಯನ್ನೂ ಲೋಹದ ಫಲಕದಲ್ಲಿ ಕೆತ್ತಿ, ಗೆರೆಯೊಳಗೆ ಶಾಯಿ ತುಂಬಿ, ಭಾರೀ ಒತ್ತಡದಲ್ಲಿ ಕಾಗದಕ್ಕೆ ಒತ್ತುತ್ತಾರೆ. ಶಾಯಿ ಉಬ್ಬಿ ನಿಲ್ಲುತ್ತದೆ. ಬೆರಳಾಡಿಸಿದರೆ ತರಿ ಗೊತ್ತಾಗುತ್ತದೆ. ಮನುಷ್ಯನ ಕಣ್ಣು ಗೋಪುರದಲ್ಲಿ ಒಂದು ಕಲ್ಲು ಕಡಿಮೆಯಾದರೆ ಗಮನಿಸದು, ಪರಿಚಿತ ಮುಖದಲ್ಲಿ ನಗು ಕೂದಲೆಳೆಯಷ್ಟು ಸೊಟ್ಟಗಾದರೂ ಹಿಡಿಯುತ್ತದೆ. ಸುಕ್ಕು, ಬೋಳುತಲೆ, ಕನ್ನಡಕ, ಹಲ್ಲಿಲ್ಲದ ನಗು ಎಲ್ಲ ಇರುವ ಗಾಂಧಿ ಖೋಟಾನೋಟಿನವನಿಗೆ ದೊಡ್ಡ ತಲೆನೋವು. ಆ ಮುಖ ತೆಗೆದುಕೊಂಡದ್ದು 1946ರ ಒಂದು ಫೋಟೊದಿಂದ, ಬ್ರಿಟಿಷ್ ಸಚಿವ ಪೆಥಿಕ್ ಲಾರೆನ್ಸ್ ಪಕ್ಕದಲ್ಲಿ ನಿಂತು ನಗುತ್ತಿದ್ದಾಗಿನದು. ಲಾರೆನ್ಸ್ ಸಾಹೇಬರನ್ನು ಕತ್ತರಿಸಿ ಬಿಸಾಕಿದ್ದಾರೆ.

ಈಗ ಕೆಂಪೇಗೌಡರನ್ನೋ ಬಸವಣ್ಣನವರನ್ನೋ ಕೂರಿಸಿ ನೋಡೋಣ. ಫೋಟೊ ಇಲ್ಲ. ಒಂದೊಂದು ಕ್ಯಾಲೆಂಡರಿನಲ್ಲಿ ಒಂದೊಂದು ಮೀಸೆ. ಪೇಟ ಹೀಗಿರಲಿಲ್ಲ, ವಿಭೂತಿ ಅಷ್ಟಗಲ ಇರಲಿಲ್ಲ ಅಂತ ಮೊದಲ ಅರ್ಜಿ ಹೈಕೋರ್ಟಿಗೆ ಹೋಗುವುದು ನೋಟು ಅಚ್ಚಾಗುವ ಮುಂಚೆ. ಲಕ್ಷ್ಮಿಯದಂತೂ ಸುಕ್ಕಿಲ್ಲದ, ಕಲೆಯಿಲ್ಲದ ದುಂಡುಮುಖ. ಹೇಗೆ ಬರೆದರೂ ಜನ ಕೈಮುಗಿಯುತ್ತಾರೆ. ಖೋಟಾನೋಟಿನವನೂ ಕೈಮುಗಿಯುತ್ತಾನೆ, ಕೃತಜ್ಞತೆಯಿಂದ.

ಮುಖ ಇನ್ನೊಂದು ಕಡೆಯೂ ಇದೆ, ಬಿಳಿಜಾಗವನ್ನು ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತಿನಲ್ಲಿ (ವಾಟರ್‌ಮಾರ್ಕ್). ಅದು ಅಚ್ಚಿನ ಮನೆಯಲ್ಲಿ ಬೀಳುವುದಲ್ಲ, ಹತ್ತಿಯ ನಾರಿನಿಂದ ಕಾಗದ ಮಾಡುವಾಗಲೇ ಮೂಡಬೇಕು. ಹಾಗಾಗಿ ಮುಖ ಬದಲಾದರೆ ಮೈಸೂರಿನ ನೋಟು ಕಾಗದದ ಕಾರ್ಖಾನೆಯಿಂದ ಶುರುವಾಗಿ, ಮೈಸೂರು, ಸಾಲ್ಬೋನಿ, ನಾಸಿಕ್, ದೇವಾಸ್ ಮುದ್ರಣಾಲಯಗಳ ಫಲಕ, ನೋಟು ವಿಂಗಡಿಸುವ ಯಂತ್ರ, ಹಣ ಜಮಾ ಮಾಡುವ ಯಂತ್ರದ ಸಾಫ್ಟ್‌ವೇರ್ ತನಕ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಇದ್ದ ಮುಖವನ್ನೇ ಅಚ್ಚು ಹಾಕಲು 2021-22ರಲ್ಲಿ ಆದ ಖರ್ಚು 4,984 ಕೋಟಿ ರೂಪಾಯಿ. ಚಲಾವಣೆಯಲ್ಲಿದ್ದ ಸುಮಾರು 13 ಸಾವಿರ ಕೋಟಿ ನೋಟುಗಳು ಹೊಸ ಮುಖದ ಜೊತೆ ವರ್ಷಗಟ್ಟಲೆ ಓಡಾಡಬೇಕು. ಹತ್ತರ ನಾಣ್ಯದಲ್ಲಿ ₹ ಚಿಹ್ನೆ ಇಲ್ಲ, ಇದು ನಡೆಯಲ್ಲ ಅಂತ ಅಂಗಡಿಯವರು ವಾಪಸ್ ಕೊಟ್ಟಾಗ, ಹದಿನಾಲ್ಕು ವಿನ್ಯಾಸವೂ ಅಸಲಿಯೇ ಎಂದು 2018ರಲ್ಲಿ ಆರ್‌ಬಿಐ ಪ್ರಕಟಣೆ ಹೊರಡಿಸಬೇಕಾಯಿತು. ಚಿಹ್ನೆಗೇ ಇಷ್ಟು. ಇನ್ನು "ಇದು ಅವರ ಪಾರ್ಟಿ ನೋಟು, ನಮ್ಮಲ್ಲಿ ನಡೆಯಲ್ಲ" ಅನ್ನುವ ದಿನ ಬಂದರೆ?

ನಿಜವಾದ ಹೊಡೆದಾಟ ಮುಖಬೆಲೆಯಲ್ಲಿದೆ. ಚಲಾವಣೆಯ ಹಣದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಐನೂರರದ್ದು, ಅದಕ್ಕೆ ನೂಕುನುಗ್ಗಲು. ಕಂಡಕ್ಟರ್ ಬೆರಳಿನ ಸಂದಿಯಲ್ಲಿ ಮಡಚಿಕೊಂಡು ಬೆವರಲ್ಲಿ ನೆನೆಯುವ ಹತ್ತಕ್ಕೆ ಯಾರನ್ನು ಹಾಕಿದರೂ ಆ ಸಮುದಾಯಕ್ಕೆ ಅವಮಾನ, ಫ್ರೀಡಂ ಪಾರ್ಕಿನಲ್ಲಿ ಧರಣಿ. ಎರಡು ಸಾವಿರದ ಮೇಲೆ ಯಾರದೋ ಕುಲಪುರುಷರು ಇದ್ದಿದ್ದರೆ, ಅದನ್ನು ವಾಪಸ್ ಪಡೆಯುತ್ತೇವೆಂದು 2023ರ ಮೇ 19ರಂದು ಹೇಳಿದ ರಾತ್ರಿ ಎಷ್ಟು ಬಸ್ಸಿಗೆ ಕಲ್ಲು ಬೀಳುತ್ತಿತ್ತೋ. ಸದ್ಯ, ಹಿಂಬದಿಯಲ್ಲಿ ಇದ್ದದ್ದು ಮಂಗಳಯಾನ. ಅದರ ಅಭಿಮಾನಿಗಳು ಬೀದಿಗಿಳಿಯುವವರಲ್ಲ.

ದೇವರನ್ನು ಹಾಕಿದ ಮೇಲೆ ನೋಟು ಹರಿದರೆ? ಬ್ಯಾಂಕಿನ ಲೆಕ್ಕ ಬಲು ಖಚಿತ. ಐನೂರರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ, ಒಟ್ಟು 99 ಚದರ ಸೆಂ.ಮೀ. ಹರಿದ ತುಂಡು 80 ಚ.ಸೆಂ.ಮೀ. ಇದ್ದರೆ ಪೂರ್ತಿ ಹಣ, 40 ಇದ್ದರೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಬರಿಗೈ. ಕೌಂಟರಿನಲ್ಲಿ ಕ್ಯಾಷಿಯರ್ ಅಳತೆಪಟ್ಟಿ ಹಿಡಿದು, "ಅಮ್ಮಾ, ಗಣಪತಿ ಸೊಂಡಿಲು ಹೋಗಿದೆ, ಕಿವಿ ಒಂದೇ ಇದೆ, ಇನ್ನೂರೈವತ್ತೇ ಬರೋದು" ಅನ್ನಬೇಕು. ಮಾಸಿದ ನೋಟುಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿ, ಒತ್ತಿ ಇಟ್ಟಿಗೆಯಾಗಿಸುತ್ತಾರೆ. ಆ ಇಟ್ಟಿಗೆಗೆ ವಿಸರ್ಜನೆ ಮೆರವಣಿಗೆ ಬೇಕೋ ಬೇಡವೋ ಎಂಬ ಸುತ್ತೋಲೆಗೆ ಯಾರು ಸಹಿ ಹಾಕಬೇಕು?

ಈ ಎಲ್ಲ ರಗಳೆಗೆ ಸರ್ಕಾರ ಕಂಡುಕೊಂಡ ಸುಲಭ ಉಪಾಯ ನಾಣ್ಯ. ಬಸವಣ್ಣನವರು 2006ರಲ್ಲೇ ಐದು ರೂಪಾಯಿಯ ಮೇಲೆ ಬಂದರು. ವೈಷ್ಣೋದೇವಿಯೂ ನಾಣ್ಯದಲ್ಲಿ ಬಂದಾಯಿತು. ಬಿಡುಗಡೆ ಸಮಾರಂಭ, ಶಾಲು, ಹಾರ, ಅಲ್ಲಿಗೆ ಮುಗಿಯಿತು.

ಇಷ್ಟಾಗಿಯೂ ನೋಟೇ ಬೇಕು ಅನ್ನುವವರಿಗೆ ಒಂದು ಜಾಗ ಖಾಲಿ ಇದೆ. ಒಂದು ರೂಪಾಯಿಯ ನೋಟು ರಿಸರ್ವ್ ಬ್ಯಾಂಕಿನದ್ದಲ್ಲ, ನೇರ ಭಾರತ ಸರ್ಕಾರದ್ದು; ಸಹಿ ಹಣಕಾಸು ಸಚಿವಾಲಯದ ಕಾರ್ಯದರ್ಶಿಯದು. ಅದರಲ್ಲಿ ಗಾಂಧಿಯ ಭಾವಚಿತ್ರವಿಲ್ಲ, ಹಾಗಾಗಿ ಯಾರನ್ನೂ ಇಳಿಸುವ ಪಾಪ ಬರುವುದಿಲ್ಲ. ಹಿಂಬದಿಯಲ್ಲಿ ಸಮುದ್ರದಲ್ಲಿ ತೈಲ ತೆಗೆಯುವ ಸಾಗರ ಸಾಮ್ರಾಟ್ ಎಂಬ ಕಬ್ಬಿಣದ ಅಟ್ಟಣಿಗೆ ನಿಂತಿದೆ. ಅದಕ್ಕೆ ಹಿಂದೆಮುಂದೆ ಯಾರೂ ಇಲ್ಲ, ತೆಗೆದರೆ ಕೇಳುವವರಿಲ್ಲ. ಅರ್ಜಿ ಮಾತ್ರ ಇನ್ನೂ ಒಂದೂ ಬಂದಿಲ್ಲ.