ಹೊಟ್ಟೆಯಲ್ಲಿರುವ ಮಗು ಕಾನೂನಿಗೆ ‘ವ್ಯಕ್ತಿ’ಯೇ? ಘಟ್ಟದ ಮೇಲಿನದೊಂದು ಮಾತು, ಕೆಳಗಿನದೊಂದು ಮಾತು

ಪರ: ಪಾಲಿಗೆ ಇರುವ ಮಗು ಪ್ರಾಣಕ್ಕೆ ಯಾಕಿಲ್ಲ?
(ಶಿರಸಿಯ ಒಬ್ಬ ದಸ್ತಾವೇಜು ಬರಹಗಾರ)

ಪಾಲುಪಟ್ಟಿ ಬರೆಯುವುದು ನನ್ನ ಕೆಲಸ. ಒಮ್ಮೆ ಸಿದ್ದಾಪುರದ ಕಡೆ ಒಂದು ಮನೆಯ ಜಗುಲಿಯಲ್ಲಿ ಕೂತಿದ್ದೆ. ಮೂವರು ಅಣ್ಣತಮ್ಮಂದಿರು, ನಡುವಿನವನು ತೀರಿಕೊಂಡು ಎರಡು ತಿಂಗಳು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗದ್ದೆ, ಕೆರೆ ನೀರಿನ ಸರದಿ, ಎಲ್ಲ ಬರೆದು ಮುಗಿದಿತ್ತು. ಆಗ ಒಳಗಿಂದ ಅತ್ತೆ ಬಂದರು. ಕವಳದ ತಟ್ಟೆ ಇಟ್ಟು, ತೀರಿಕೊಂಡವನ ಹೆಂಡತಿಯ ಬಗ್ಗೆ ‘ಅದಕ್ಕೆ ನಾಲ್ಕು ತಿಂಗಳು’ ಎಂದರು.

ನಾನು ಪೆನ್ನಿನ ಟೊಪ್ಪಿ ಹಾಕಿದೆ. ‘ಹೆರಿಗೆ ಆಗಲಿ, ಆಮೇಲೆ ನೋಡೋಣ’ ಎಂದೆ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಉಳಿದ ಇಬ್ಬರು ಅಣ್ಣತಮ್ಮಂದಿರ ಮುಖ ಸ್ವಲ್ಪ ಸಣ್ಣದಾಯಿತು, ಅಷ್ಟೇ.

ಇದು ಬರೀ ರೂಢಿ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ನೋಡಿ. ಅಪ್ಪ ಸಾಯುವಾಗ ಹೊಟ್ಟೆಯಲ್ಲಿದ್ದ ಮಗು ಆಮೇಲೆ ಜೀವಂತವಾಗಿ ಹುಟ್ಟಿದರೆ, ಅಪ್ಪನ ಕಾಲಕ್ಕೆ ಮೊದಲೇ ಹುಟ್ಟಿದ ಮಗುವಿಗೆ ಎಷ್ಟು ಹಕ್ಕೋ ಇದಕ್ಕೂ ಅಷ್ಟೇ. ಹೊಟ್ಟೆಯಲ್ಲಿದ್ದಾಗ ಅದರ ಪಾಲು ಬಿಟ್ಟು ಹಿಸೆ ಮಾಡಿಕೊಂಡಿದ್ದರೆ, ಹುಟ್ಟಿದ ಮೇಲೆ ಆ ಹಿಸೆಯನ್ನೇ ಮತ್ತೆ ತೆರೆಸಬಹುದು. ಹುಟ್ಟುವುದು ಹೆಣ್ಣಾದರೂ ಅಷ್ಟೇ. ನಮ್ಮ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಇನ್ನೂ ಗರ್ಭವೇ ಕಟ್ಟದ ಮೊಮ್ಮಗನಿಗೆ ಆಸ್ತಿ ಬರೆದಿಡಲೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ದಾರಿ ಇದೆ. ಅಂತಹ ಪತ್ರ ನಾನೇ ಬರೆದಿದ್ದೇನೆ.

ಅಂದರೆ ತೋಟದ ಮಾತು ಬಂದಾಗ ಆ ಮಗು ಇದೆ. ಈಗ ಲಾರಿಯ ಮಾತಿಗೆ ಬನ್ನಿ.

ಹೆದ್ದಾರಿ 66ರಲ್ಲಿ ಸ್ಕೂಟರಿನ ಹಿಂದೆ ಕೂತ ಎಂಟು ತಿಂಗಳ ಬಸುರಿಗೆ ಲಾರಿ ಗುದ್ದುತ್ತದೆ ಎಂದುಕೊಳ್ಳಿ. ತಾಯಿ ಬದುಕುತ್ತಾಳೆ, ಮಗು ಹೋಗುತ್ತದೆ. ಡ್ರೈವರ್ ಮೇಲೆ ಏನು ಕೇಸು? ತಾಯಿಗೆ ಪೆಟ್ಟು ಮಾಡಿದ್ದು. ಮಗು ಸತ್ತದ್ದು ಆ ಪೆಟ್ಟಿನೊಳಗೇ ಸೇರಿಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಮಿನ ವಿವರಣೆ ನೇರವಾಗಿಯೇ ಹೇಳುತ್ತದೆ: ಹೊಟ್ಟೆಯೊಳಗಿನ ಮಗುವಿನ ಸಾವು ನರಹತ್ಯೆ ಅಲ್ಲ. ಅದೇ ಮಗುವಿನ ಒಂದು ಕೈಯೋ ಕಾಲೋ ಹೊರಗೆ ಬಂದಿದ್ದರೆ ಆಗಬಹುದು! 1860ರ ದಂಡ ಸಂಹಿತೆಯಲ್ಲಿ ಬರೆದಿಟ್ಟ ಮಾತು, 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದಾಗಲೂ ಹಾಗೇ ಉಳಿಯಿತು. 92ನೇ ಕಲಮು ಇದೆಯಲ್ಲ ಎನ್ನಬಹುದು. ಹೌದು, ಹೊಟ್ಟೆಯಲ್ಲಿ ಮಿಸುಕಾಡುವ ಮಗುವನ್ನು ಕೊಂದರೆ ಹತ್ತು ವರ್ಷದ ತನಕ ಶಿಕ್ಷೆ. ಆದರೆ ತಾಯಿ ಸತ್ತಿದ್ದರೆ ನರಹತ್ಯೆ ಆಗುತ್ತಿತ್ತು ಎನ್ನುವಂತಹ ಕೃತ್ಯಕ್ಕೆ ಮಾತ್ರ. ಅಜಾಗರೂಕತೆಯಿಂದ ಗಾಡಿ ಹೊಡೆದವನು ಅದರಲ್ಲಿ ಬರುವುದಿಲ್ಲ. ವಿಮೆ ಪರಿಹಾರದ ಕೇಸುಗಳಲ್ಲಿ ಕೆಲವು ಹೈಕೋರ್ಟುಗಳು ಹೊಟ್ಟೆಯಲ್ಲೇ ಹೋದ ಮಗುವಿಗೂ ಪ್ರತ್ಯೇಕ ದುಡ್ಡು ಕೊಡಿಸಿವೆ. ಹಣದ ಲೆಕ್ಕದಲ್ಲಿ ಮಗು, ಅಪರಾಧದ ಲೆಕ್ಕದಲ್ಲಿ ಅಲ್ಲ. ಇದು ಯಾವ ಸೀಮೆಯ ನ್ಯಾಯ?

ಉಸಿರಿಲ್ಲದೆ ಹುಟ್ಟಿದ ಮಗುವಿಗೆ ಜನನ ಪತ್ರವೂ ಇಲ್ಲ, ಮರಣ ಪತ್ರವೂ ಇಲ್ಲ. ‘ನಿರ್ಜೀವ ಜನನ’ ಅಂತ ಬೇರೆಯದೇ ಒಂದು ನಮೂನೆ. ಒಂಬತ್ತು ತಿಂಗಳು ಹೊತ್ತವಳ ಕೈಗೆ ಅದು.

ಉಸಿರಾಡದ್ದನ್ನು ವ್ಯಕ್ತಿ ಎನ್ನಲು ಹೇಗಾಗುತ್ತದೆ ಎಂದು ಕೇಳುವವರು ದೇವಸ್ಥಾನದ ಪಹಣಿ ನೋಡಲಿ. ನಮ್ಮ ಕಾನೂನಿಗೆ ದೇವರ ಮೂರ್ತಿ ಒಬ್ಬ ವ್ಯಕ್ತಿ, ಅದೂ ಎಂದೂ ದೊಡ್ಡವನಾಗದ ಅಪ್ರಾಪ್ತ. ಅದರ ಹೆಸರಲ್ಲಿ ಜಮೀನು ಇರುತ್ತದೆ, ಕೋರ್ಟಿನಲ್ಲಿ ದಾವೆ ಇರುತ್ತದೆ. 2019ರ ಅಯೋಧ್ಯೆ ತೀರ್ಪಿನಲ್ಲಿ ರಾಮಲಲ್ಲಾ ಒಬ್ಬ ಕಕ್ಷಿದಾರ. ಸೊಸೈಟಿ ವ್ಯಕ್ತಿ, ಕಂಪನಿ ವ್ಯಕ್ತಿ. (ಅಭಿಮನ್ಯು ಸುಭದ್ರೆಯ ಹೊಟ್ಟೆಯಲ್ಲಿ ಚಕ್ರವ್ಯೂಹ ಕೇಳಿದ ಕತೆಯನ್ನು ನಾನು ತರುವುದಿಲ್ಲ. ಈ ವಿಷಯಕ್ಕೆ ಎಲ್ಲರೂ ಅದನ್ನೇ ತರುತ್ತಾರೆ.)

ಗರ್ಭಪಾತದ ಕಾನೂನು ಕಿತ್ತು ಹಾಕಿ ಎಂದು ನಾನು ಹೇಳುತ್ತಿಲ್ಲ. 1971ರ ಕಾಯ್ದೆ ಬೇಕು, ಕೆಲವು ಸಂದರ್ಭಗಳಲ್ಲಿ ಗರ್ಭಪಾತದ ಮಿತಿಯನ್ನು 24 ವಾರಕ್ಕೆ ಏರಿಸಿದ 2021ರ ತಿದ್ದುಪಡಿಯೂ ಇರಲಿ. ಆದರೆ 24 ವಾರ ದಾಟಿದ ಮಗುವಿಗೆ, ಹೊರಗಿನವರು ಮಾಡುವ ಕೇಡಿನ ಮಟ್ಟಿಗಾದರೂ, ವ್ಯಕ್ತಿ ಎಂಬ ಸ್ಥಾನ ಕೊಡಿ. ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 16ರಂದು 26 ವಾರ ದಾಟಿದ ಒಂದು ಗರ್ಭ ತೆಗೆಯಲು ಒಪ್ಪಲಿಲ್ಲ. ಎದೆಬಡಿತ ನಿಲ್ಲಿಸಬೇಕೇ ಎಂದು ವೈದ್ಯರು ಕೇಳಿದಾಗ ದೊಡ್ಡ ಕೋರ್ಟೇ ಒಂದು ಗಳಿಗೆ ತಡೆಯಿತು. ಆ ತಡೆದದ್ದಕ್ಕೆ ಕಾನೂನಿನಲ್ಲಿ ಒಂದು ಹೆಸರು ಇರಲಿ ಎಂದಷ್ಟೇ ನನ್ನ ವಾದ.

ವಿರೋಧ: ಆ ಜಗುಲಿಗೆ ಅವಳು ಬರಲೇ ಇಲ್ಲ
(ಕುಮಟಾದ ಒಬ್ಬ ನಿವೃತ್ತ ನರ್ಸ್)

ಶಿರಸಿಯವರ ಜಗುಲಿಯ ಕತೆಯನ್ನು ಇನ್ನೊಮ್ಮೆ ಓದಿ. ಅಣ್ಣತಮ್ಮಂದಿರು ಇದ್ದಾರೆ, ಬರಹಗಾರ ಇದ್ದಾರೆ, ಅತ್ತೆ ಇದ್ದಾರೆ, ಕವಳದ ತಟ್ಟೆಯೂ ಇದೆ. ಬಸುರಿ ಎಲ್ಲಿ? ಅವಳ ಹೊಟ್ಟೆಯ ಸುದ್ದಿಯನ್ನು ಅತ್ತೆ ಬಂದು ಹೇಳಿದರು. ‘ಅದಕ್ಕೆ ನಾಲ್ಕು ತಿಂಗಳು’ ಅಂತ. ನನ್ನ ತಕರಾರು ಇಲ್ಲಿಂದಲೇ ಶುರು.

ಪಾಲಿನ ಕಾನೂನು ಅವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ‘ಜೀವಂತವಾಗಿ ಹುಟ್ಟಿದರೆ’ ಎಂಬ ಮಾತನ್ನು ಬೇಗ ಬೇಗ ದಾಟಿಬಿಟ್ಟರು. ಅದೇ ಮುಖ್ಯ ಅಲ್ವಾ? ಬರುವ ನೆಂಟರಿಗೆ ಅಂತ ಪಂಕ್ತಿಯಲ್ಲಿ ಒಂದು ಎಲೆ ಬಿಟ್ಟಿರುತ್ತೇವೆ. ಬಂದರೆ ಬಡಿಸುತ್ತೇವೆ. ಬರದಿದ್ದರೆ ಎಲೆ ಎತ್ತುತ್ತೇವೆ, ಊಟ ಮುಂದುವರಿಯುತ್ತದೆ. ಎಲೆ ಹಾಕಿದ್ದೇವೆ ಎಂದು ಬಾರದ ನೆಂಟರ ಹೆಸರಲ್ಲಿ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ದೇವರ ಮೂರ್ತಿಯ ಮಾತೂ ಬಂತು. ಮೂರ್ತಿ ಮಾತಾಡುವುದಿಲ್ಲ, ಅದರ ಪರವಾಗಿ ಮೊಕ್ತೇಸರರು ಮಾತಾಡುತ್ತಾರೆ. ಹಾಗಾದರೆ ಹೊಟ್ಟೆಯ ಮಗುವಿಗೆ ಮೊಕ್ತೇಸರ ಯಾರು? ಗಂಡನೇ? ಜಗುಲಿಯ ಮೇಲೆ ಮುಖ ಸಣ್ಣ ಮಾಡಿ ಕೂತ ಮೈದುನನೇ? ಸರ್ಕಾರಿ ವಕೀಲರೇ? ಯಾರೇ ಆಗಲಿ, ಅವರು ನಿಂತು ವಾದ ಮಾಡುವುದು ಆ ಹೆಂಗಸಿನ ಎದುರಿಗೆ. ಮೂರ್ತಿ ಇರುವುದು ಕಲ್ಲಿನ ಗುಡಿಯಲ್ಲಿ. ಈ ಮಗು ಇರುವುದು ಇನ್ನೊಬ್ಬಳ ಮೈಯಲ್ಲಿ.

ಹೊರಗಿನವರ ಮಟ್ಟಿಗೆ ಮಾತ್ರ ಅನ್ನುತ್ತಾರೆ. ನ್ಯಾಯ ಸಂಹಿತೆಯ 88ನೇ ಕಲಮು ನೋಡಿದ್ದೀರಾ? ತಾನೇ ಗರ್ಭ ಇಳಿಸಿಕೊಂಡ ಹೆಂಗಸೂ ಅದರಲ್ಲಿ ಅಪರಾಧಿಯೇ. 1971ರ ಗರ್ಭಪಾತ ಕಾಯ್ದೆಯ ರಕ್ಷಣೆ ಇಲ್ಲದಿದ್ದರೆ ಅವಳ ಮೇಲೆ ಕೇಸು ಈಗಲೇ ಸಾಧ್ಯ. ಇದರ ಮೇಲೆ ‘ವ್ಯಕ್ತಿ’ ಎಂಬ ಪದ ಬೇರೆ ಬಂದರೆ ಅದು ಲಾರಿಯ ಡ್ರೈವರ್ ಹತ್ತಿರ ನಿಲ್ಲುವುದಿಲ್ಲ. ಮೂರು ತಿಂಗಳಿಗೆ ಗರ್ಭ ಹೋದವಳು ಮಂಚದ ಮೇಲೆ ಮುಖ ಮುಚ್ಚಿಕೊಂಡು ಮಲಗಿರುತ್ತಾಳೆ. ಬಾಗಿಲಲ್ಲಿ ನಿಂತು ಮನೆಯವರು ಕೇಳುತ್ತಾರೆ: ‘ಪಪ್ಪಾಯಿ ತಿಂದೆಯಾ? ಕೊಡಪಾನ ಎತ್ತಿದೆಯಾ? ಬೈಕಿನಲ್ಲಿ ಹೋದೆಯಾ?’ ಎಷ್ಟು ಸಲ ಕೇಳಿದ್ದೇನೆ ಈ ಪ್ರಶ್ನೆಗಳನ್ನು. ಸುಮ್ನೆ ಆಗಿಬಿಡುತ್ತದೆ, ಯಾರ ತಪ್ಪೂ ಇರುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಸತ್ತದ್ದು ಒಬ್ಬ ವ್ಯಕ್ತಿ ಎಂದು ಕಾನೂನು ಹೇಳಿದ ದಿನ ಇದೇ ಪ್ರಶ್ನೆಗಳನ್ನು ಪೊಲೀಸರು ಕೇಳುತ್ತಾರೆ.

ಊಹೆ ಅನ್ನುವವರು ಸವಿತಾ ಹಾಲಪ್ಪನವರ್ ಅವರನ್ನು ನೆನಪು ಮಾಡಿಕೊಳ್ಳಬೇಕು. ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. ಗಂಡನ ಜೊತೆ ಐರ್ಲೆಂಡಿನಲ್ಲಿದ್ದಳು. ಆ ದೇಶ 1983ರಲ್ಲಿ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದಿತ್ತು: ಹೊಟ್ಟೆಯ ಮಗುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ. ಓದಲು ಎಷ್ಟು ಚಂದ ನೋಡಿ. 2012ರ ಅಕ್ಟೋಬರಿನಲ್ಲಿ 17 ವಾರದ ಗರ್ಭ ಕೆಡತೊಡಗಿ ಸವಿತಾ ಆಸ್ಪತ್ರೆ ಸೇರಿದಳು. ಮಗು ಉಳಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಅವಳೇ ಕೇಳಿದಳು. ಎದೆಬಡಿತ ಇದೆ, ಆಗುವುದಿಲ್ಲ ಎಂದರು. ಕಾಯುತ್ತಾ ಕಾಯುತ್ತಾ ನಂಜು ರಕ್ತಕ್ಕೆ ಏರಿತು. ಅಕ್ಟೋಬರ್ 28ಕ್ಕೆ ತೀರಿಕೊಂಡಳು.

ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಆ ದಿನಗಳು ಹೇಗಿದ್ದವು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೀರು ಹೋಗಿದೆ, ಗರ್ಭದ ಬಾಯಿ ತೆರೆದಿದೆ, ಜ್ವರ ಏರುತ್ತಿದೆ, ನಾಡಿ ಓಡುತ್ತಿದೆ. ನಮ್ಮಲ್ಲಿ ಆಗಿದ್ದರೆ ಡಾಕ್ಟರು ಸಹಿ ಹಾಕಿಸಿಕೊಂಡು ಕೆಲಸ ಮುಗಿಸುತ್ತಿದ್ದರು. ಯಾಕೆಂದರೆ ಇಲ್ಲಿ ಅವರ ಮುಂದೆ ಇರುವ ರೋಗಿ ಒಬ್ಬಳೇ. ಅಲ್ಲಿ ಕಾನೂನು ಇಬ್ಬರನ್ನು ಮಾಡಿ ಇಟ್ಟಿತ್ತು. 2018ರ ಮೇ 25ರಂದು ಐರ್ಲೆಂಡಿನ ಜನ ಓಟು ಹಾಕಿ ಆ ತಿದ್ದುಪಡಿಯನ್ನು ತೆಗೆದರು, ನೂರಕ್ಕೆ 66ಕ್ಕಿಂತ ಜಾಸ್ತಿ ಮಂದಿ. ಅವರು ಬಿಸಾಡಿದ್ದನ್ನು ನಾವು ಎತ್ತಿಕೊಳ್ಳಬೇಕೇ?

24 ವಾರ ಎಂಬ ಗೆರೆಯನ್ನೂ ಕರಾವಳಿಯಲ್ಲಿ ನಿಂತು ನೋಡಬೇಕು. ಅಂಗಾಂಗ ನೋಡುವ ಸ್ಕ್ಯಾನ್ ಮಾಡುವುದು 18ರಿಂದ 20 ವಾರಕ್ಕೆ. ಮೀನುಗಾರರ ಮನೆಯ ಒಬ್ಬಳು ನನ್ನ ಹತ್ತಿರ ಬಂದದ್ದು 21ಕ್ಕೆ. ಕೊನೆಯ ಮುಟ್ಟಿನ ದಿನಾಂಕವೇ ನೆನಪಿರಲಿಲ್ಲ. ತಾಯಿ ಕಾರ್ಡಿನಲ್ಲಿ ಅಂದಾಜಿಗೆ ಬರೆದಿತ್ತು. ಹೃದಯದಲ್ಲಿ ಏನೋ ಇದೆ, ಮಣಿಪಾಲಕ್ಕೆ ಹೋಗಿ ಖಾತ್ರಿ ಮಾಡಿಕೊಳ್ಳಿ ಎಂದರು ಸ್ಕ್ಯಾನಿನವರು. ಮೂರು ಗಂಟೆಯ ದಾರಿ. ಗಂಡ ಬೋಟಿನಲ್ಲಿ, ಬರಲು ಹತ್ತು ದಿನ. ದುಡ್ಡು ಹೊಂದಿಸಲು ಇನ್ನೊಂದು ವಾರ. ರಿಪೋರ್ಟು ಕೈಗೆ ಬಂದಾಗ 24 ಆಗಿಹೋಗಿತ್ತು, ಕಡತ ಮೆಡಿಕಲ್ ಬೋರ್ಡಿನ ಮುಂದೆ ಹೋಯಿತು. ಒಳ್ಳೆಯ ಆಸ್ಪತ್ರೆ ಬೇಕು ಎಂದು 2022ರಲ್ಲಿ ನಮ್ಮ ಜಿಲ್ಲೆಯ ಜನ ‘ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ’ ಎಂದು ಕೂಗಿದ್ದು ಸುಮ್ಮನೆ ಅಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇರುವ ಒಂದು ಹೆದ್ದಾರಿಯೂ ದಿನಗಟ್ಟಲೆ ಬಂದ್ ಆಗಿತ್ತು. ಬೆಂಗಳೂರಿನಲ್ಲಿ 24 ವಾರ ಅಂದರೆ 24 ವಾರ. ಇಲ್ಲಿ ಅದು 20 ಇದ್ದ ಹಾಗೆ.

2023ರ ಆ ತೀರ್ಪನ್ನು ಶಿರಸಿಯವರು ಅರ್ಧ ಹೇಳಿದರು. ಆ ಹೆಂಗಸಿಗೆ ಆಗಲೇ ಇಬ್ಬರು ಮಕ್ಕಳು, ಹಿಂದಿನ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿದ್ದಳು. ಮೊದಲು ಕೇಳಿದ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಆಕೆಯ ತೀರ್ಮಾನವನ್ನು ಗೌರವಿಸಬೇಕು ಎಂದರು. ಇನ್ನೊಬ್ಬರು ಒಪ್ಪಲಿಲ್ಲ. ಮೂವರ ಪೀಠ ಬೇಡ ಎಂದಿತು. ನನಗೆ ನಾಗರತ್ನ ಅವರ ಮಾತೇ ಸರಿ ಕಾಣುತ್ತದೆ.

ಹೆಣ್ಣುಮಗು ಎಂದು ತಿಳಿದು ತೆಗೆಸುವವರ ಬಗ್ಗೆ ಏನು ಅನ್ನಬೇಡಿ. ಮಂಡ್ಯದಲ್ಲಿ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡವರು 2023ರಲ್ಲಿ ಸಿಕ್ಕಿಬಿದ್ದರಲ್ಲ, ಅವರನ್ನು ಹಿಡಿಯಲು 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇದೆ. ಅದನ್ನು ಸರಿಯಾಗಿ ನಡೆಸಿದರೆ ಸಾಕು.

ಇನ್ನು ಲಾರಿ. ಅಲ್ಲಿ ಮಾತ್ರ ಶಿರಸಿಯವರು ಸರಿ. ಎಂಟು ತಿಂಗಳ ಗರ್ಭ ಕಳೆದುಕೊಂಡವಳ ಕೇಸು ‘ಪೆಟ್ಟು’ ಎಂದು ಮುಗಿಯಬಾರದು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಹಾಲು ಬರುತ್ತಿದೆ ಸಿಸ್ಟರ್ ಏನು ಮಾಡಲಿ ಎಂದು ಕೇಳಿದವಳನ್ನು ನಾನು ಕಂಡಿದ್ದೇನೆ. ಅದಕ್ಕೆ ಬೇಕಾದದ್ದು, ಅಜಾಗರೂಕತೆಯಿಂದ ಆದ ಸಾವಿಗೆ ಶಿಕ್ಷೆ ಹೇಳುವ ನ್ಯಾಯ ಸಂಹಿತೆಯ 106ನೇ ಕಲಮಿನ ಪಕ್ಕ ಇನ್ನೊಂದು ಕಲಮು: ಅಜಾಗರೂಕತೆಯಿಂದ ಹೆಂಗಸಿನ ಗರ್ಭ ಹಾಳು ಮಾಡಿದವನಿಗೆ ಬೇರೆಯೇ ಶಿಕ್ಷೆ, ದೂರು ಅವಳ ಹೆಸರಿನಲ್ಲಿ. ಶಿರಸಿಯವರ ಬರವಣಿಗೆ ಚೆನ್ನಾಗಿದೆ, ಕರಡು ಅವರೇ ಬರೆಯಲಿ. ‘ವ್ಯಕ್ತಿ’ ಎಂಬ ಪದ ಹೊಡೆದು ಕಳಿಸಿದರೆ ಮೊದಲ ಸಹಿ ನನ್ನದು.