ಖಾಲಿ ಶೆಡ್ಡಿಗೂ ಚಳಿ

ಸೋಲಾರ್ ಹೀಟರ್ ಇದ್ದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಅಂದಿದ್ದರು, ತಿಂಗಳಿಗೆ 50 ರೂಪಾಯಿ ಮೀರದಂತೆ. ದೊಡ್ಡ ಮನಸ್ಸು! ಆ ಐವತ್ತಕ್ಕಾಗಿ ನಾನು ಕರೆಂಟ್ ಆಫೀಸಿಗೆ ಮೂರು ಸಲ ಅಲೆದೆ. ಆಟೊ ಚಾರ್ಜು, ಜೆರಾಕ್ಸು, ಎರಡು ಟೀ ಸೇರಿ ಇನ್ನೂರು ದಾಟಿತು. ಮೂರನೇ ಸಲ, "ಫೋಟೊದಲ್ಲಿ ಹೀಟರ್ ಇದೆ ಸಾರ್, ನೀವೇ ಇಲ್ವಲ್ಲ" ಅಂದರು. ತಾರಸಿ ಹತ್ತಿ, ಟ್ಯಾಂಕಿನ ಹೆಗಲ ಮೇಲೆ ಕೈ ಹಾಕಿ, ಮದುವೆ ಫೋಟೊದಲ್ಲಿ ಭಾವಮೈದನ ಪಕ್ಕ ನಿಂತವನಂತೆ ನಿಂತೆ. ಅರ್ಜಿ ಪಾಸಾಗುವ ಹೊತ್ತಿಗೆ ಗೃಹಜ್ಯೋತಿ ಬಂದು ಬಿಲ್ಲೇ ಸೊನ್ನೆಯಾಯಿತು. ಸೊನ್ನೆಯಲ್ಲಿ ಐವತ್ತು ಕಳೆಯೋ ಲೆಕ್ಕ ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಹುಟ್ಟಿದರೆ ಉತ್ತರ ಐರ್ಲೆಂಡಿನಲ್ಲಿ ಹುಟ್ಟಬೇಕಿತ್ತು. ಅಲ್ಲೊಂದು ಬಾಯ್ಲರ್ ಪುರಾಣ ನಡೆಯಿತು. 2012ರಲ್ಲಿ ಅಲ್ಲಿನ ಸರ್ಕಾರ, ಬಾಯ್ಲರಿನಲ್ಲಿ ಮರದ ಪುಡಿಯ ಗುಳಿಗೆ ಸುಟ್ಟು ಕಟ್ಟಡ ಬೆಚ್ಚಗಿಟ್ಟುಕೊಳ್ಳಿ, 20 ವರ್ಷ ದುಡ್ಡು ಕೊಡ್ತೀವಿ ಅಂದಿತು. ಒಂದು ಪೌಂಡಿನದು ಸುಟ್ಟರೆ 1.60 ಪೌಂಡ್ ಕೈಗೆ. ಬ್ರಿಟನ್ನಿನ ಮೂಲ ಯೋಜನೆಯಲ್ಲಿ ಇಷ್ಟು ಗಂಟೆ ಮೀರಿ ಉರಿಸಿದರೆ ದರ ಇಳಿಯುತ್ತಿತ್ತು. ಇವರು ಕಾಪಿ ಹೊಡೆಯುವಾಗ ಆ ಸಾಲೇ ಬಿಟ್ಟುಹೋಯಿತು. ಸರಿ, ಖಾಲಿ ಶೆಡ್ಡಿಗೂ ಹಗಲೂ ರಾತ್ರಿ ಕಾವು ಕೊಡುತ್ತಿದ್ದಾರೆಂಬ ದೂರು ಬಂತು. ಹೊರೆ 49 ಕೋಟಿ ಪೌಂಡ್ ಆಗಬಹುದು ಅಂತ ಅಂದಾಜು ಹಾಕಿದರು. 2017ರ ಜನವರಿಯಲ್ಲಿ ಸರ್ಕಾರವೇ ಬಿತ್ತು, ಮೂರು ವರ್ಷ ಏಳಲಿಲ್ಲ. ಕೊನೆಗೆ 2020ರ ವಿಚಾರಣಾ ವರದಿ, ಇದಕ್ಕೆ ಭ್ರಷ್ಟಾಚಾರ ಕಾರಣವಲ್ಲ, ಸಾಲು ಸಾಲು ತಪ್ಪುಗಳು ಕಾರಣ ಅಂದಿತು. ಲಂಚವಿಲ್ಲದೆ ಇಷ್ಟು ಪೋಲು! ನಮ್ಮವರಿಗೆ ತಲೆ ಎತ್ತಿ ಓಡಾಡೋದು ಕಷ್ಟ.

ನಮ್ಮಜ್ಜಿ ಬಚ್ಚಲೊಲೆಗೆ ನೀಲಗಿರಿ ತರಗು ತುರುಕಿ ಹಂಡೆ ಕಾಯಿಸುತ್ತಿದ್ದಳು. ಅದೂ ನವೀಕರಿಸಬಹುದಾದ ಇಂಧನವೇ. ಅಜ್ಜಿಗೆ ಸಿಕ್ಕ ಪ್ರೋತ್ಸಾಹಧನ, ಹೊಗೆಗೆ ಕೆಂಪಾದ ಎರಡು ಕಣ್ಣು. ಆ ನೀರಿನ ಹದ ಮಾತ್ರ ಇವತ್ತಿನ ಹೀಟರಿಗಿಲ್ಲ. ಸಾವಿರದಿನ್ನೂರು ಅಡಿಯಿಂದ ಮೇಲೆತ್ತಿದ ಗಡಸು ನೀರು ಕುಡಿದು ಅದರ ಟ್ಯೂಬಿನೊಳಗೆ ಸುಣ್ಣ ಕಟ್ಟಿದೆ. ಬೆಳಗ್ಗೆ ಎರಡು ಬಕೆಟ್ ತಣ್ಣೀರು ಚೆಲ್ಲಿದ ಮೇಲೆ ಉಗುರುಬೆಚ್ಚಗೆ ಏನೋ ಬರುತ್ತೆ. ಅದಕ್ಕೇ ರಿಯಾಯಿತಿ.

ಚಿಕ್ಕಬಳ್ಳಾಪುರದಲ್ಲಿ ಮನುಷ್ಯರ ಮನೆಗೆ ಕಾವು ಯಾರೂ ಕೇಳಲ್ಲ. ಮಾರ್ಗಶಿರದಲ್ಲೂ ಒಂದು ಕಂಬಳಿ ಸಾಕು. ಬೆಂಗಳೂರಿನವರು ಭಾನುವಾರ ನಂದಿಬೆಟ್ಟಕ್ಕೆ ಬಂದು ಮಂಜಿನ ಜೊತೆ ಸೆಲ್ಫಿ ತಗೊಂಡು ಹೋಗ್ತಾರೆ. ಕಾವು ಬೇಕಾಗೋದು ರೇಷ್ಮೆ ಸಾಕೋ ಹುಳುಮನೆಗೆ. ಚಾಕಿ ಹುಳಕ್ಕೆ, ಅಂದರೆ ಎಳೆ ಮರಿಗೆ, 27-28 ಡಿಗ್ರಿ, ದೊಡ್ಡದಾದ ಮೇಲೂ 24-25. ಚಳಿ ಹಿಡಿದರೆ ಸೊಪ್ಪು ಮುಟ್ಟಲ್ಲ.

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಮ್ಮ ಈಗಲೂ ಇದ್ದಿಲಿನ ಕೆಂಡ ತುಂಬಿದ ಬಾಂಡ್ಲಿ ಹುಳುಮನೆಯಲ್ಲಿಟ್ಟು, ರಾತ್ರಿ ಮೂರು ಸಲ ಏಳ್ತಾಳೆ. ಬಾಗಿಲು ಮುಚ್ಚಿದ ಕೋಣೆ, ಇದ್ದಿಲಿನ ಗಾಳಿ. ಯಾವ ಕಚೇರಿಯವರಿಗೂ ಇದರ ಫೋಟೊ ಬೇಡ. ತಮಾಷೆ ಸಾಕು, ನಿಜಕ್ಕೂ ಸಿಟ್ಟು ಬರುತ್ತೆ. ಐವತ್ತು ರೂಪಾಯಿಗೆ ಮೂರು ಸಹಿ ಕೇಳೋರಿಗೆ ಈ ಕೆಮ್ಮು ಕೇಳಿಸಲ್ಲ.

ಮೊನ್ನೆ ಅವಳಿಗೆ ಐರ್ಲೆಂಡಿನ ಕಥೆ ಹೇಳಿದೆ. ಜ್ವರದಿಂದ, ಅಂದರೆ ಪೊರೆ ಬಿಡೋ ನಿದ್ದೆಯಿಂದ, ಆಗತಾನೆ ಎದ್ದ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ತಿರುಗಿ ನೋಡಿದಳು.

"ಖಾಲಿ ಶೆಡ್ಡಿಗಾ? ಒಳಗೆ ಹುಳಾನೇ ಇಲ್ವಾ?"

"ಇಲ್ಲ ಚಿಕ್ಕಮ್ಮ."

"ಮತ್ತೆ ರಾತ್ರಿ ಎದ್ದು ಯಾರು ನೋಡ್ಕೊತಿದ್ರು?"